ಮೀಟರ್ ಸುಳ್ಳು ಹೇಳಲ್ಲ

ನಮ್ಮ ಯಜಮಾನರು ಮನೆಮನೆಯ ಕರೆಂಟ್ ಮೀಟರ್ ಓದುತ್ತಿದ್ದು ನಿವೃತ್ತರಾದವರು. ಅಂಕಿ ಕಂಡರೆ ಮಾತ್ರ ನಂಬುತ್ತಾರೆ. ಹೆಂಡತಿಯ ಮಾತಿನಲ್ಲಿ ಅಂಕಿ ಇರುವುದಿಲ್ಲವಲ್ಲ, ಅದು ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟುಹೋಗುತ್ತದೆ.

ಈಚೆಗೆ ಎರಡನೇ ಮಹಡಿಯ ನಮ್ಮ ಮನೆಗೆ ಹತ್ತಿ ಬರುವಷ್ಟರಲ್ಲಿ ಅವರಿಗೆ ಏದುಸಿರು. ನಡುವೆ ನಿಂತು ಚಪ್ಪಲಿ ಸರಿಮಾಡಿಕೊಳ್ಳುವ ನಾಟಕ ಬೇರೆ. "ಡಾಕ್ಟ್ರಿಗೆ ತೋರ್ಸೋಣ ರೀ" ಎಂದರೆ, ಮಧ್ಯಾಹ್ನ ಸೊಗಸಾಗಿ ನಿದ್ದೆ ಹೊಡೆದು, ಮಂಚದ ಮೇಲೇ ಬಿಪಿ ಮಿಷನ್ನಿನ ಪಟ್ಟಿ ಸುತ್ತಿಕೊಳ್ಳುತ್ತಾರೆ. "ನೋಡು, ನಾರ್ಮಲ್. ಮೀಟರ್ ಸುಳ್ಳು ಹೇಳಲ್ಲ ಕಣೇ." ನಾನು ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಮೊನ್ನೆ ಬೆಳಿಗ್ಗೆ ಹಟ ಹಿಡಿದು ಆಸ್ಪತ್ರೆಗೆ ಹೊರಡಿಸಿದೆ. ಕೆಳಗೆ ಬಂದರೆ ಕಾರು ಕಟಕಟ ಎಂದು ಸುಮ್ಮನಾಯಿತು. ಯಜಮಾನರ ಮುಖ ಅರಳಿಹೋಯಿತು! ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ.

ಬಾನೆಟ್ ಎತ್ತಿ, ಕಾರಿನಲ್ಲೇ ಇಟ್ಟುಕೊಂಡಿರುವ ವೋಲ್ಟ್ ಮೀಟರ್ ತೆಗೆದು, ಅದರ ಕೆಂಪು ವೈರು, ಕಪ್ಪು ವೈರು ಬ್ಯಾಟರಿಗೆ ಹಿಡಿದರು.

"ಹನ್ನೆರಡೂವರೆ ವೋಲ್ಟ್. ಬ್ಯಾಟರಿ ಗುಂಡುಕಲ್ಲಿನ ಹಾಗಿದೆ."

"ಮತ್ಯಾಕ್ರೀ ಸ್ಟಾರ್ಟ್ ಆಗ್ತಿಲ್ಲ?"

"ನಿಂಗೊತ್ತಾಗಲ್ಲ, ಸುಮ್ನಿರು."

ಬ್ಯಾಟರಿಯ ತಲೆಗಳನ್ನು ಮರಳುಕಾಗದದಿಂದ ಉಜ್ಜಿದರು. ಫ್ಯೂಸುಗಳನ್ನು ಕಿತ್ತು, ಊದಿ, ಮತ್ತೆ ಸಿಕ್ಕಿಸಿದರು. ಮತ್ತೆ ಮೀಟರ್ ಹಿಡಿದರೆ ಅದೇ ಹನ್ನೆರಡೂವರೆ. ಡಾಕ್ಟರು ಎದ್ದುಹೋಗುವ ಹೊತ್ತಾಗುತ್ತಿದೆ, ಇವರದು ಇನ್ನೂ ಮುಗಿಯದ ರಾಮಾಯಣ. ಕೊನೆಗೆ ನನ್ನನ್ನು ಸ್ಟೀರಿಂಗ್ ಹಿಂದೆ ಕೂರಿಸಿ, ವೈರು ಹಿಡಿದುಕೊಂಡೇ ಕೂಗಿದರು: "ಈಗ ಕೀ ತಿರುಗ್ಸು!"

ತಿರುಗಿಸಿದೆ.

"ಅಯ್ಯೋ, ಏಳಕ್ಕೆ ಬಿತ್ತು!"

"ಹಾಗಂದ್ರೆ?"

"ಬ್ಯಾಟರಿ ಹೋಗಿದೆ ಕಣೇ. ಸುಮ್ನೆ ಇದ್ದಾಗ ಎಲ್ಲಾ ಸರಿಯಾಗೇ ತೋರ್ಸತ್ತೆ. ಭಾರ ಬಿದ್ದಾಗ ನೋಡ್ಬೇಕು. ಬಂಡವಾಳ ಬಯಲಾಗೋದು ಆಗ್ಲೇ."

ನನಗೆ ಮೈಯೆಲ್ಲ ಉರಿದುಹೋಯಿತು. ಕಾರಿನ ಬಾಗಿಲು ಧಡಾರೆಂದು ಹಾಕಿ ಇಳಿದೆ.

"ಹೌದಾ? ಹಾಗಾದ್ರೆ ನಡೀರಿ, ಮೆಟ್ಟಿಲು ಹತ್ತಿ. ಮೇಲೆ ಹೋದ ತಕ್ಷಣ ಆ ಬಿಪಿ ಪಟ್ಟಿ ಸುತ್ತೋಣ. ಮಂಚದ ಮೇಲೆ ಬೇಡ!"

ಅವರು ಮೆಟ್ಟಿಲ ಕಡೆ ನೋಡಿದರು. ಕೈಯಲ್ಲಿದ್ದ ಮೀಟರನ್ನು ನೋಡಿದರು. ಬಾನೆಟ್ ಮುಚ್ಚುವುದಕ್ಕೆ ಬಹಳ ಹೊತ್ತು ತೆಗೆದುಕೊಂಡರು.

"ಗಾಡಿ ಇಲ್ವಲ್ಲ, ಆಸ್ಪತ್ರೆಗೆ ಹೇಗೆ ಹೋಗೋದು?" ದನಿ ಸಣ್ಣಗಾಗಿತ್ತು.

ರಸ್ತೆಗೆ ಹೋಗಿ ಆಟೋ ಕೂಗಿದೆ. ಒಳಗೆ ಕೂತ ಮೇಲೆ, ಕಿಟಕಿಯಾಚೆ ನೋಡುತ್ತಾ ಹೇಳಿದರು: "ಮೊದಲನೇ ಮಹಡಿಗೇ ಎದೆ ಹಿಡ್ಕೊಳ್ಳತ್ತೆ ಕಣೇ. ಅದಕ್ಕೇ ಮಲಗೆದ್ದು ನೋಡ್ಕೋತಿದ್ದೆ."

ಜನ್ಮ ಜಾಲಾಡಿಬಿಡಬೇಕೆಂದು ಬಾಯಿ ತೆರೆದವಳು, ಸ್ವಲ್ಪ ಬೇಗ ಹೋಗಪ್ಪ ಎಂದು ಆಟೋದವನಿಗೆ ಹೇಳಿದೆ.