ಹೊಡೆದು ತೋರಿಸದ ಪಿಸ್ತೂಲು

ನನ್ನ ಕೆಲಸವೇ ಅನುಮಾನ ಪಡುವುದು. ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಹದಿನೆಂಟು ವರ್ಷಗಳಿಂದ ಇನ್‌ಸ್ಪೆಕ್ಷನ್ ಮೇಜಿನ ಮುಂದೆ ಕೂತಿದ್ದೇನೆ. ಎರಕ ಹೊಯ್ದ ಕಬ್ಬಿಣದ ಬಿಡಿಭಾಗಗಳು ನನ್ನ ಮುಂದೆ ಬರುತ್ತವೆ. ಸುತ್ತಿಗೆಯಿಂದ ತಟ್ಟಿ ದನಿ ಕೇಳುತ್ತೇನೆ, ಟಾರ್ಚು ಬಿಡುತ್ತೇನೆ, ಭೂತಗನ್ನಡಿ ಹಿಡಿದು ನೋಡುತ್ತೇನೆ. ಒಳಗೆ ಗಾಳಿ ಸಿಕ್ಕಿಕೊಂಡು ತೂತು ಬಿದ್ದಿದ್ದರೆ ಕೆಲವರು ಅದಕ್ಕೆ ಪುಟ್ಟಿ ತುಂಬಿ, ಬಣ್ಣ ಬಳಿದು, ಏನೂ ಆಗಿಲ್ಲವೆಂಬಂತೆ ಸಾಗಿಸಿಬಿಡುತ್ತಾರೆ. ಅಂಥದ್ದನ್ನು ಹಿಡಿದ ದಿನ ನನಗೆ ಊಟ ರುಚಿಸುತ್ತದೆ. ಮನೆಗೆ ಬಂದರೂ ಈ ಚಾಳಿ ಬಿಡುವುದಿಲ್ಲ. ತೆಂಗಿನಕಾಯಿ, ಕಲ್ಲಂಗಡಿ, ಹೊಸ ಕುಕ್ಕರು, ಎಲ್ಲವನ್ನೂ ಒಮ್ಮೆ ತಟ್ಟಿ ನೋಡಲೇಬೇಕು. “ನನ್ನೂ ತಟ್ಟಿ ನೋಡೇ ಲಗ್ನಾ ಆಗ್ಯಾಳ್ರಿ” ಎಂದು ನನ್ನ ಗಂಡ ಮನೆಗೆ ಬಂದವರ ಮುಂದೆಲ್ಲ ಹೇಳುತ್ತಾರೆ.

ಇಂಥ ನನಗೆ ನಲವತ್ತೊಂದನೆಯ ವಯಸ್ಸಿನಲ್ಲಿ ಪಿಸ್ತೂಲಿನ ಹುಚ್ಚು ಹಿಡಿಯಿತು. ಶಿವಬಸವ ನಗರದ ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಹತ್ತು ನಿಮಿಷ ಹೋದರೆ ಒಂದು ಶೂಟಿಂಗ್ ರೇಂಜ್ ಇದೆ. ರೇಂಜ್ ಅಂದರೆ ತಗಡಿನ ಉದ್ದನೆಯ ಶೆಡ್ಡು. ಹತ್ತು ಮೀಟರ್ ಆಚೆ ಕಾಗದದ ಗುರಿ, ನಡುವೆ ಕಪ್ಪು ವೃತ್ತ. ಫೌಂಡ್ರಿಯ ಗೆಳತಿಯೊಬ್ಬಳು ಒಂದು ಭಾನುವಾರ ಸುಮ್ಮನೆ ಕರೆದುಕೊಂಡು ಹೋಗಿದ್ದಳು. ಆಕೆ ಮತ್ತೆ ಆ ಕಡೆ ತಲೆ ಹಾಕಲಿಲ್ಲ, ನಾನು ಬಿಡಲಿಲ್ಲ. ತೋಳು ಚಾಚಿ, ಉಸಿರು ಹಿಡಿದು, ಪಿಸ್ತೂಲಿನ ತುದಿಯ ಮೊನೆಯನ್ನು ಕಪ್ಪು ವೃತ್ತದ ಕೆಳಗೆ ನಿಲ್ಲಿಸಿದಾಗ ತಲೆಯೊಳಗಿನ ಗದ್ದಲ ನಿಂತುಬಿಡುತ್ತಿತ್ತು. ಆ ಆರೇಳು ಸೆಕೆಂಡು ನಾನು ಯಾರನ್ನೂ ಅನುಮಾನಿಸುತ್ತಿರಲಿಲ್ಲ. ಅಂಥ ನೆಮ್ಮದಿ ನನಗೆ ದೇವಸ್ಥಾನದಲ್ಲೂ ಸಿಕ್ಕಿರಲಿಲ್ಲ.

ತೊಂದರೆಯೆಂದರೆ ಅಲ್ಲಿ ಬಾಡಿಗೆಗೆ ಕೊಡುತ್ತಿದ್ದುದು ಒಂದೇ ಪಿಸ್ತೂಲು. ಐದಾರು ಜನ ಅದನ್ನೇ ಹಿಡಿಯುತ್ತಿದ್ದೆವು. ಹಿಡಿಕೆ ಯಾವಾಗಲೂ ಇನ್ನೊಬ್ಬರ ಬೆವರಿನಿಂದ ಅಂಟಂಟು. ಒಬ್ಬರು ತಮ್ಮ ಕಣ್ಣಿಗೆ ತಕ್ಕಂತೆ ಸ್ಕ್ರೂ ತಿರುಗಿಸಿ ಹೊಂದಿಸಿಟ್ಟ ಗುರಿಯನ್ನು ಇನ್ನೊಬ್ಬರು ಕೆಡಿಸುತ್ತಿದ್ದರು. ಜಿಲ್ಲಾ ಮಟ್ಟದ ಸ್ಪರ್ಧೆಗೆ ಹೆಸರು ಕೊಡುವುದಾದರೆ ಸ್ವಂತದ್ದು ಬೇಕು ಎಂದರು ಅಲ್ಲಿನ ಕೋಚ್. ಗಾಳಿಯ ಒತ್ತಡದಿಂದ ಹೊಡೆಯುವ ಈ ಸಣ್ಣ ಪಿಸ್ತೂಲಿಗೆ ಲೈಸೆನ್ಸ್ ಬೇಕಿಲ್ಲ ಎಂದೂ ಹೇಳಿದರು. ಅದನ್ನೂ ನಂಬದೆ ಪೊಲೀಸ್ ಠಾಣೆಗೆ ಹೋಗಿ ಕೇಳಿಕೊಂಡು ಬಂದೆ. ಅಲ್ಲಿದ್ದವರು ಮೊದಲು ನಕ್ಕರು, ಆಮೇಲೆ ಬೇಕಿಲ್ಲ ಎಂದರು.

ವಿದೇಶದ ಹೊಸ ಪಿಸ್ತೂಲಿನ ಬೆಲೆ ಲಕ್ಷ ದಾಟುತ್ತಿತ್ತು. ಅದು ನನ್ನ ಕೈಗೆ ಎಟುಕುವ ಮಾತಲ್ಲ. ಇಲ್ಲಿಯದೇ ಅಗ್ಗದ ಸ್ಪ್ರಿಂಗ್ ಪಿಸ್ತೂಲನ್ನು ಅಂಗಡಿಯಲ್ಲಿ ಹಿಡಿದು ನೋಡಿದೆ. ಕುದುರೆ, ಅಂದರೆ ಟ್ರಿಗರ್, ಎಳೆದ ಕೂಡಲೇ ಅದು ಕೈಯಲ್ಲಿ ಜಿಗಿಯಿತು, ಗುರಿ ಎಲ್ಲೋ, ಗುಂಡು ಎಲ್ಲೋ. “ಮದ್ಲ ಹಿಂಗ ಇರತೈತ್ರಿ, ಆಮ್ಯಾಲ ರೂಢಿ ಆಗತೈತಿ” ಎಂದ ಅಂಗಡಿಯವನು. ಕೆಟ್ಟ ಮಾಲು ಮಾರುವವರೆಲ್ಲ ಹೇಳುವ ಮಾತು ಇದು. ಉಳಿದದ್ದು ಸೆಕೆಂಡ್ ಹ್ಯಾಂಡ್. ಹಳೆಯದನ್ನು ಕೊಳ್ಳುವಾಗ ಏನೇನು ನೋಡಬೇಕೆಂದು ಒಂದು ತಿಂಗಳು ಕೇಳಿ ತಿಳಿದುಕೊಂಡೆ. ಗಾಳಿ ತುಂಬುವ ಸಿಲಿಂಡರಿನ ಮೇಲೆ ಅದರ ವಾಯಿದೆಯ ವರ್ಷ ಕೊರೆದಿರುತ್ತದೆ, ಅದು ಮೀರಿರಬಾರದು. ತುಂಬಿಟ್ಟ ಗಾಳಿ ಮರುದಿನವೂ ಅಷ್ಟೇ ಇರಬೇಕು. ಮರದ ಹಿಡಿಕೆ ನಮ್ಮ ಅಂಗೈಗೆ ಕೂರಬೇಕು. ಈ ಮೂರೂ ಸರಿಯಿದ್ದರೆ ಉಳಿದದ್ದು ಮಾರುವವನ ಮುಖ ನೋಡಿ ತಿಳಿಯುವಂಥದ್ದು.

ಖಾನಾಪುರದಲ್ಲಿ ಒಬ್ಬ ನಿವೃತ್ತ ಸುಬೇದಾರರು ತಮ್ಮ ಪಿಸ್ತೂಲನ್ನು ಕೊಡುತ್ತಾರಂತೆ ಎಂಬ ಸುದ್ದಿ ತಂದವರು ಕೋಚ್. ರೇಂಜಿನ ಹಳಬರಲ್ಲಿ ಅವರನ್ನು ಅರಿಯದವರಿಲ್ಲ. ಭಾನುವಾರ ಬಸ್ಸು ಹಿಡಿದು ಬಂದು, ಹೊಸಬರಿಗೆ ನಿಲ್ಲುವುದು, ಉಸಿರು ಹಿಡಿಯುವುದು ಕಲಿಸುತ್ತಿದ್ದರಂತೆ. ಒಂದು ವರ್ಷದಿಂದ ಬಂದಿರಲಿಲ್ಲ. ಕೇಳಿದ ಬೆಲೆ ಮಾತ್ರ ಹಳೆಯ ಪಿಸ್ತೂಲು ಮಾರುವ ಉಳಿದವರು ಕೇಳುತ್ತಿದ್ದುದರ ಅರ್ಧ. ಅರ್ಧ ಬೆಲೆ ಎಂದ ಕೂಡಲೇ ನನ್ನ ಕಿವಿ ನೆಟ್ಟಗಾದವು.

ಆಗಸ್ಟಿನ ಒಂದು ಬೆಳಿಗ್ಗೆ ಟಾರ್ಚು, ಭೂತಗನ್ನಡಿ ಚೀಲಕ್ಕೆ ಹಾಕಿಕೊಂಡು ಖಾನಾಪುರಕ್ಕೆ ಹೋದೆ. ಹೆಂಚಿನ ಮನೆಯ ಪಡಸಾಲೆಯಲ್ಲಿ ಸುಬೇದಾರರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತೊಡೆಯ ಮೇಲೆ ಶಾಲು ಹಾಸಿಕೊಂಡು ಕೂತಿದ್ದರು. ಬಲಗೈ ಶಾಲಿನೊಳಗೆ.

“ಬರ್ರಿ ಬಾಯಾರ, ಕುಂದರ್ರಿ. ಥಂಡಿ ಭಾಳ ಐತ್ ನೋಡ್ರಿ” ಎಂದರು. ಅಷ್ಟೇನೂ ಥಂಡಿ ಇರಲಿಲ್ಲ.

ಅವರ ಹೆಂಡತಿ ಒಳಗಿನಿಂದ ಮರಾಠಿಯಲ್ಲಿ ಏನೋ ಹೇಳುತ್ತ ಚಹಾ ತಂದಿಟ್ಟರು. ನಾನು ಕುಡಿದೆ. ಸುಬೇದಾರರು ಮುಟ್ಟಲಿಲ್ಲ, ಅವರ ಕಪ್ಪಿನಲ್ಲಿ ಕೆನೆ ಕಟ್ಟಿತು. ಅದನ್ನೂ ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ. ಪೆಟ್ಟಿಗೆ ತೆರೆದು ಪಿಸ್ತೂಲನ್ನು ಅರ್ಧ ಗಂಟೆ ನೋಡಿದೆ. ವಾಯಿದೆಗೆ ಇನ್ನೂ ನಾಲ್ಕು ವರ್ಷವಿತ್ತು. ನಳಿಗೆ ಕನ್ನಡಿಯ ಹಾಗಿತ್ತು. ಹಿಡಿಕೆ ನನ್ನ ಕೈಗೆ ಸ್ವಲ್ಪ ದೊಡ್ಡದು, ಅದನ್ನು ಉಜ್ಜಿಕೊಳ್ಳಬಹುದಿತ್ತು. ಎಲ್ಲ ಇಷ್ಟು ಸರಿಯಿದ್ದರೆ ಅರ್ಧ ಬೆಲೆ ಯಾಕೆ?

“ಸಾಹೇಬ್ರ, ಒಂದೆರಡ ಹೊಡದ ತೋರಸ್ರಿ” ಎಂದೆ.

“ನಾ ಹೊಡದ್ರ ನನ್ನ ಕೈ ತಿಳೀತೈತಿ, ಪಿಸ್ತೂಲ್ ಹೆಂಗೈತಿ ಅಂತ ತಿಳಿಯಂಗಿಲ್ಲ. ನೀವ ಹೊಡೀರಿ.”

ಮಾತು ಬಲು ಜಾಣತನದ್ದು ಅನಿಸಿತು. ಹಿತ್ತಲಿನ ಹಲಸಿನ ಮರಕ್ಕೆ ಹಲಗೆ ಹೊಡೆದು ಗುರಿ ಅಂಟಿಸಿಟ್ಟಿದ್ದರು. ಹತ್ತು ಹೊಡೆದೆ, ಏಳು ಕಪ್ಪಿನೊಳಗೆ ಬಿದ್ದವು. ರೇಂಜಿನಲ್ಲಿ ನನಗೆ ಎಂದೂ ಐದು ದಾಟಿರಲಿಲ್ಲ. “ಹದಿನೈದ ದಿನಾ ಒಯ್ದ ನೋಡ್ರಿ. ಮನಸಿಗಿ ಬಂದ್ರ ಇಟ್ಗೋರಿ, ಇಲ್ಲಾಂದ್ರ ವಾಪಸ್ ಕೊಡ್ರಿ” ಎಂದರು. ಅದು ನನ್ನ ಅನುಮಾನವನ್ನು ಇನ್ನಷ್ಟು ಹೆಚ್ಚಿಸಿತು. ಹದಿನಾರನೇ ದಿನ ಕೆಡುವಂಥದ್ದೇನೋ ಇದರೊಳಗೆ ಇರಬೇಕು ಎಂದುಕೊಂಡೆ.

ಹದಿನೈದು ದಿನ ಅದನ್ನು ಪರೀಕ್ಷಿಸಿದ ಹಾಗೆ ಹುಡುಗಿಯ ಕಡೆಯವರು ವರನನ್ನೂ ಪರೀಕ್ಷಿಸಲಿಕ್ಕಿಲ್ಲ. ಏನೂ ಸಿಗಲಿಲ್ಲ. ಹಣ ಕೊಟ್ಟೆ, ಪಿಸ್ತೂಲು ನನ್ನದಾಯಿತು. ಸೆಪ್ಟೆಂಬರ್ ಪೂರ್ತಿ ಅದು ಹೇಳಿದಲ್ಲಿ ಹೊಡೆಯಿತು, ನಾನು ಸ್ಪರ್ಧೆಗೆ ಹೆಸರು ಕೊಟ್ಟೆ.

ದಸರೆಗೆ ತವರಿಗೆ ಹೋದೆ. ನಂದಗಡದ ಹತ್ತಿರದ ಹಳ್ಳಿ ನಮ್ಮದು. ಕುರಿ ಕಾಯ್ದುಕೊಂಡು ಬಂದ ಮನೆತನ. ಈಗ ಅಣ್ಣ ಸರಕಾರಿ ಕಚೇರಿಯಲ್ಲಿದ್ದಾನೆ, ಕುರಿ ಹತ್ತು ಉಳಿದಿದ್ದರೆ ಹೆಚ್ಚು. ಆದರೂ ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ, ದಿನ ಅವ್ವ ಉಣ್ಣೆ ಕತ್ತರಿ, ಕುಡಗೋಲು, ಕೊಡಲಿ, ಅಣ್ಣನ ಮೋಟಾರ್ ಸೈಕಲ್ಲಿನ ನಟ್ಟು ಬಿಚ್ಚುವ ಪಾನಾ, ಎಲ್ಲವನ್ನೂ ಸಾಲಾಗಿ ಕಂಬಳಿಯ ಮೇಲಿಟ್ಟು ಎಣ್ಣೆ ಸವರಿ ಭಂಡಾರ ಹಚ್ಚುತ್ತಾಳೆ. ಭಂಡಾರವೆಂದರೆ ಬೇರೆಯವರ ಕಣ್ಣಿಗೆ ಅರಿಶಿನ ಪುಡಿ. ನಮಗೆ ಅದೇ ಮನೆದೇವರು.

ನನ್ನ ಪೆಟ್ಟಿಗೆ ನೋಡಿ ಅವ್ವ ಬಿಡಲಿಲ್ಲ. “ಇದೂ ಕಬ್ಬಿಣದ್ದ ಹೌದಿಲ್ಲ? ಎಲ್ಲಾ ಒಳಗಿಟ್ಟ ಇದೊಂದನ್ನ ಹೊರಗಿಟ್ರ ದೇವರಿಗಿ ಸಿಟ್ಟ ಬರತೈತಿ.”

“ಮ್ಯಾಲ ಒಂದ ಬಟ್ಟಷ್ಟ ಹಚ್ಚ್ ಯವ್ವಾ” ಎಂದು ಹೇಳಿ, ಖಾಲಿಯಿದೆಯೆಂದು ಎರಡು ಸಲ ನೋಡಿ, ಕಂಬಳಿಯ ಮೇಲಿಟ್ಟು ಹೋಳಿಗೆ ಬೇಯಿಸಲು ಒಳಗೆ ಹೋದೆ. ಬಂದು ನೋಡಿದಾಗ ಮೇಲೆ ಒಂದು ಹಳದಿ ಬೊಟ್ಟಿತ್ತು. ಬಟ್ಟೆಯಿಂದ ಒರೆಸಿ ಪೆಟ್ಟಿಗೆಯಲ್ಲಿಟ್ಟೆ. ಟಾರ್ಚು ಬಿಡಲಿಲ್ಲ. ಅವ್ವನ ಕೈ ಮುಟ್ಟಿದ್ದರ ಮೇಲೆ ಯಾರಾದರೂ ಟಾರ್ಚು ಬಿಡುತ್ತಾರೆಯೇ?

ಮುಂದಿನ ವಾರದಿಂದ ಗುಂಡುಗಳು ಕೆಳಗೆ ಬೀಳತೊಡಗಿದವು. ಒಂದು ಕಪ್ಪಿನ ಅಂಚಿಗೆ, ಒಂದು ಕಾಗದದ ತಳಕ್ಕೆ, ಒಂದು ಕಾಗದಕ್ಕೇ ಇಲ್ಲ. ಸ್ಪರ್ಧೆಗೆ ಹನ್ನೆರಡು ದಿನವಿತ್ತು. ಭೂತಗನ್ನಡಿ ಹಿಡಿದು ಕಾಗದದ ತೂತುಗಳನ್ನು ನೋಡಿದೆ. ಅಂಚಿನಲ್ಲಿ ತೆಳ್ಳಗೆ ಹಳದಿ ಬಣ್ಣ. ಸಿಕ್ಕಿತು! ಒಳಗೆಲ್ಲೋ ಹಿತ್ತಾಳೆಯ ವಾಷರು ಸವೆದು ಪುಡಿಯಾಗುತ್ತಿದೆ. ಸುಬೇದಾರರಿಗೆ ಅದು ಗೊತ್ತಿತ್ತು; ಅದಕ್ಕೇ ಅರ್ಧ ಬೆಲೆ, ಅದಕ್ಕೇ ಹೊಡೆದು ತೋರಿಸಲಿಲ್ಲ. ನನಗೆ ಮೋಸವಾಯಿತೆಂಬ ಸಿಟ್ಟಿಗಿಂತ ನನ್ನ ಅನುಮಾನ ನಿಜವಾಯಿತೆಂಬ ಖುಷಿ ದೊಡ್ಡದಾಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಫೋನ್ ಮಾಡಿದೆ. “ಈ ಕಡೆ ತರ್ರಿ ಬಾಯಾರ, ಬಿಚ್ಚಿ ನೋಡೂಣು” ಎಂದರು.

“ಇಲ್ರಿ, ನೀವ ಇಲ್ಲಿ ರೇಂಜಿಗಿ ಬರ್ರಿ. ನಾಕ ಮಂದಿ ಮುಂದ ಆಗ್ಲಿ.”

ಯಾವ ದಿನ, ಎಷ್ಟು ಹೊತ್ತಿಗೆ ಎಂದಷ್ಟೇ ಕೇಳಿದರು. ಆಮೇಲೆ “ಆಗ್ಲಿ” ಎಂದರು.

ಭಾನುವಾರ ಹತ್ತು ಗಂಟೆಗೆ ಬಂದರು. ಅದೇ ಇಸ್ತ್ರಿಯ ಅಂಗಿ. ಬಲಗೈ ಪ್ಯಾಂಟಿನ ಜೇಬಿನಲ್ಲಿ. ಕೋಚ್ ಎದ್ದು ನಿಂತು ನಮಸ್ಕಾರ ಮಾಡಿದರು, ಅವರ ಕೈಯಲ್ಲಿ ಕಲಿತಿದ್ದ ನಾಲ್ಕೈದು ಮಂದಿ ಕುರ್ಚಿ ತಂದರು. ಈ ಮರ್ಯಾದೆ ನೋಡಿ ನನಗೆ ಇನ್ನೂ ರೇಗಿತು. ಹಳದಿ ಅಂಚಿನ ಕಾಗದಗಳನ್ನು ಎಲ್ಲರೆದುರು ಮೇಜಿನ ಮೇಲೆ ಹರಡಿದೆ.

“ಆವತ್ತ ಹೊಡದ ತೋರಸ್ರಿ ಅಂದ್ನಿ, ತೋರಸ್ಲಿಲ್ಲ. ಇವತ್ತರ ತೋರಸ್ರಿ ಸಾಹೇಬ್ರ. ಖರೇ ಏನಂತ ಎಲ್ಲಾರಿಗೂ ತಿಳೀಲಿ.”

“ಬ್ಯಾಡ್ರಿ ಬಾಯಾರ. ಬಿಚ್ಚಿ ನೋಡೂಣು.”

“ಯಾಕ ಬ್ಯಾಡ? ಏನ್ ಮುಚ್ಚಿಡಾಕತ್ತೀರಿ?”

ಅವರು ನನ್ನ ಮುಖ ನೋಡಿದರು. ಆಮೇಲೆ ಜೇಬಿನಿಂದ ಬಲಗೈ ತೆಗೆದು ಪಿಸ್ತೂಲು ಎತ್ತಿಕೊಂಡರು. ಗೆರೆಯ ಹತ್ತಿರ ನಿಂತ ರೀತಿ, ಭುಜ ತಿರುಗಿಸಿದ ರೀತಿ, ಅಂಥ ನಿಲುವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ತೋಳು ಮೇಲೆದ್ದಿತು. ಮಣಿಕಟ್ಟಿನಿಂದ ಮುಂದಕ್ಕೆ ಕೈ ನಡುಗುತ್ತಿತ್ತು. ಸಣ್ಣ ನಡುಕವಲ್ಲ, ಪಿಸ್ತೂಲಿನ ಮೂತಿ ಗುರಿಯ ಆ ಕಡೆಯಿಂದ ಈ ಕಡೆಗೆ ಓಡಾಡುತ್ತಿತ್ತು. ಅವರು ಕುದುರೆ ಎಳೆದರು. ಗುಂಡು ಹಿಂದಿನ ಗೋಡೆಯ ಹಲಗೆಗೆ ಬಡಿದ ಸದ್ದು ಬಂತು. ಕೋಚ್ ತಲೆ ತಗ್ಗಿಸಿ ತಮ್ಮ ಬೂಟು ನೋಡಿಕೊಂಡರು.

ಸುಬೇದಾರರು ಪಿಸ್ತೂಲನ್ನು ಮೇಜಿನ ಮೇಲಿಟ್ಟು ಕೂತರು. “ಈಗ ನೀವ ಬಿಚ್ಚರಿ. ನನಗ ಸ್ಕ್ರೂ ಹಿಡಿಯಾಕ ಆಗಂಗಿಲ್ಲ, ನಾ ಹೇಳಕೋತ ಹೋಗ್ತೀನಿ.”

ಗಾಳಿ ಪೂರ್ತಿ ಬಿಟ್ಟು, ಸಿಲಿಂಡರು ತೆಗೆದಿಟ್ಟು, ಅವರು ಹೇಳಿದ ಹಾಗೆ ಒಂದೊಂದೇ ಸ್ಕ್ರೂ ತಿರುಗಿಸಿದೆ. ಗಾಳಿ ನಳಿಗೆಗೆ ನುಗ್ಗುವ ಸಣ್ಣ ದಾರಿಯಲ್ಲಿ ಕಡ್ಡಿ ಆಡಿಸಿ ಎಂದರು. ಕಡ್ಡಿಯ ತುದಿಗೆ ಎಣ್ಣೆಯಲ್ಲಿ ಕಲೆಸಿದಂಥ ಹಳದಿ ಮುದ್ದೆ ಅಂಟಿಕೊಂಡು ಬಂತು. ಇನ್ನೊಮ್ಮೆ ಆಡಿಸಿದೆ, ಇನ್ನಷ್ಟು ಬಂತು. ಮೂಗಿನ ಹತ್ತಿರ ಹಿಡಿಯಬೇಕಾಗಿರಲಿಲ್ಲ; ವಾಸನೆ ಅಷ್ಟು ದೂರದಿಂದಲೇ ಬಡಿಯಿತು. ನಮ್ಮ ದೇವರ ಕೋಣೆಯ ವಾಸನೆ. ಅವ್ವ ಮೇಲೆ ಬೊಟ್ಟಿಟ್ಟು ಸುಮ್ಮನಾಗಿರಲಿಲ್ಲ. ಗುಂಡು ಇಡುವ ಬಾಯಿ ತೆರೆದಿದ್ದನ್ನು ಕಂಡು, ದೇವರ ಬಾಯಿಗೆ ಹಾಕುವಂತೆ ಅದಕ್ಕೂ ಒಂದು ಚಿಟಿಕೆ ಹಾಕಿ ಎಣ್ಣೆ ಬಿಟ್ಟಿದ್ದಳು.

ಭೂಮಿ ಬಾಯಿ ಬಿಡಬಾರದೇ ಅನಿಸಿತು. “ನಮ್ಮವ್ವ ಪೂಜಾ ಮಾಡ್ಯಾಳ್ರಿ” ಎಂದೆ. ಸುಬೇದಾರರ ಕಡೆ ತಿರುಗಿದೆ. “ನನ್ನ ತಪ್ಪ್ರಿ ಕಾಕಾ.”

ಯಾರೋ ನಗಲು ಶುರು ಮಾಡಿದರು. ಸುಬೇದಾರರು ಅವರತ್ತ ನೋಡಿದರು, ನಗು ನಿಂತಿತು. “ಭಂಡಾರ ಕಾಲಾಗ ಬೀಳಬಾರ್ದು” ಎಂದು ಹೇಳಿ, ಆ ಮುದ್ದೆಯನ್ನು ನನ್ನ ಹಳದಿ ಅಂಚಿನ ಕಾಗದದಲ್ಲೇ ಕಟ್ಟಿಸಿದರು. ನಡುಗುವ ಬೆರಳಿಂದ ಸ್ವಲ್ಪ ತೆಗೆದು ಹಣೆಗೆ ಹಚ್ಚಿಕೊಂಡರು. ಬೊಟ್ಟು ಹುಬ್ಬಿನ ಮೇಲೆ ಓರೆಯಾಗಿ ಎಳೆದುಕೊಂಡಿತು. “ಪಿಸ್ತೂಲ್ ಚಲೋ ಐತಿ ಬಾಯಾರ. ಹೊಡ್ಯಾವ್ರ ಕೈಗಿ ಹೋಗ್ಲಿ ಅಂತ ಅಗ್ಗಕ್ಕ ಕೊಟ್ನಿ” ಎಂದು, ಕೋಚ್ ಕರೆದರೂ ಚಹಾಕ್ಕೆ ನಿಲ್ಲದೆ ಬಸ್ಸಿಗೆ ಹೊರಟುಹೋದರು.

ಸ್ಪರ್ಧೆಯಲ್ಲಿ ನಾನು ಹನ್ನೊಂದನೆಯವಳಾದೆ. ಮೊದಲ ಸಲಕ್ಕೆ ಒಳ್ಳೆಯದೇ ಅಂದರು. ಗೆರೆಯ ಹತ್ತಿರ ನಿಂತು ತೋಳು ಎತ್ತಿದಾಗಲೆಲ್ಲ ಆ ಇನ್ನೊಂದು ತೋಳು ಕಣ್ಣೆದುರು ಬರುತ್ತಿತ್ತು. ನನ್ನ ಆ ಆರೇಳು ಸೆಕೆಂಡಿನ ನೆಮ್ಮದಿಯನ್ನು ನಾನೇ ಕೈಯಾರೆ ಕೆಡಿಸಿಕೊಂಡಿದ್ದೆ.

ಮರುವಾರ ಸ್ಪರ್ಧೆಯಲ್ಲಿ ಹೊಡೆದ ಗುರಿಯ ಕಾಗದ ತೆಗೆದುಕೊಂಡು ಖಾನಾಪುರಕ್ಕೆ ಹೋದೆ. ಪಡಸಾಲೆಯಲ್ಲಿ ಸುಬೇದಾರರು ಕೂತಿದ್ದರು, ತೊಡೆಯ ಮೇಲೆ ಶಾಲು ಇರಲಿಲ್ಲ. ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. ಎಡಕ್ಕೆ ಎಳೀತೀರಿ, ಹೆಬ್ಬೆರಳು ಸಡಿಲ ಬಿಡ್ರಿ ಎಂದರು. ಕ್ಷಮೆ ಕೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗೆ ಹೋಗಿ ಚಹಾ ತಾವೇ ತಂದರು. ಬಲಗೈಯಲ್ಲೇ. ಬಾಗಿಲಿನಿಂದ ನನ್ನವರೆಗೆ ನಾಲ್ಕು ಹೆಜ್ಜೆ. ಅರ್ಧ ಚಹಾ ಕಪ್ಪಿನ ಕೆಳಗಿನ ಬಶಿಗೆ, ಉಳಿದದ್ದರಲ್ಲಿ ಅರ್ಧ ನೆಲಕ್ಕೆ. ಹೆಂಡತಿ ಹಿಡಿದುಕೊಳ್ಳಲು ಓಡಿ ಬಂದರೆ ಬೇಡ ಎಂದು ತಲೆಯಾಡಿಸಿದರು.

“ಊರ ಮಂದಿಗೆಲ್ಲಾ ತಿಳೀತಲ್ಲ. ಇನ್ನ ಮುಚ್ಚೂದೇನೈತಿ, ತಗೋರಿ” ಎಂದರು.

ಆ ಮುಖದಲ್ಲಿ ಸಿಟ್ಟಿತ್ತೋ ಹಗುರವಿತ್ತೋ ನನಗೆ ತಿಳಿಯಲಿಲ್ಲ. ಕಪ್ಪಿನ ತಳದಲ್ಲಿ ಉಳಿದಿದ್ದ ಎರಡು ಗುಟುಕನ್ನು ಕುಡಿದೆ. ಅವರು ನನ್ನನ್ನು ಕ್ಷಮಿಸಿ ಕೊಟ್ಟ ಚಹಾವೇ ಅದು, ಇಲ್ಲವೇ ನಾನು ಮಾಡಿದ್ದನ್ನು ನನಗೇ ತೋರಿಸಲು ಕೊಟ್ಟದ್ದೇ? ಹದಿನೆಂಟು ವರ್ಷ ಕಬ್ಬಿಣ ತಟ್ಟಿದವಳು ನಾನು, ಅದೊಂದು ಇವತ್ತಿಗೂ ಗೊತ್ತಾಗಿಲ್ಲ.