ಖಳನಿಗೆ ತಂದ ಹಾರ

ಊರಿನ ನಾಟಕದಲ್ಲಿ ನನ್ನ ಗಂಡನಿಗೆ ಖಳನ ಪಾತ್ರ ಸಿಕ್ಕಿದಾಗ ಕಂಪಲಾಪುರದ ನಮ್ಮ ಬೀದಿಯವರೆಲ್ಲ ನಕ್ಕರು. "ಆವಯ್ಯಂಗೆ ಜೋರಾಗಿ ಮಾತಾಡಕ್ಕೇ ಬರಾಕಿಲ್ಲ, ಇನ್ನು ಎಂಗುಸ್ರ ಮೇಲೆ ಕೈ ಎತ್ತೋ ಪಾಲ್ಟು ಎಂಗ್ ಮಾಡಾನು?" ಎಂದಳು ಎದುರುಮನೆ ಅಕ್ಕ. ನಾನು ಅವಳ ಪಕ್ಕದಲ್ಲೇ ಕೂತು ಹೊಗೆಸೊಪ್ಪನ್ನು ಒಣಗಿಸಲೆಂದು ಕಡ್ಡಿಗೆ ಕಟ್ಟುತ್ತಿದ್ದೆ. ಕಟ್ಟುತ್ತಲೇ ಇದ್ದೆ.

ಏನು ಹೇಳಲಿ? ಜನ ಮೆಚ್ಚುವ ಆ ಮೆತ್ತಗಿನ ದನಿ ಮನೆಯ ಬಾಗಿಲು ಹಾಕಿಕೊಂಡ ಮೇಲೂ ಮೆತ್ತಗೇ ಇರುತ್ತಿತ್ತು. ಹೊಡೆಯುವ ಮುಂಚೆ ಬಲಗೈಯ ಬೆಳ್ಳಿ ಕಡಗವನ್ನು ಮೊಣಕೈ ಕಡೆಗೆ ಸರಿಸಿಕೊಳ್ಳುತ್ತಿದ್ದ, ಅಷ್ಟೆ. ಮದುವೆಯಾದ ಹೊಸತರಲ್ಲಿ ಕಡಗ ಸರಿಯುವುದನ್ನು ಕಂಡರೆ ನನ್ನ ಎದೆ ಬಡಿದುಕೊಳ್ಳುತ್ತಿತ್ತು. ಬರಬರುತ್ತಾ ಅದೂ ನಿಂತಿತು. ಒಲೆಯ ಮೇಲೆ ಹಾಲು ಉಕ್ಕಿದರೆ ಆಗುವಷ್ಟು ಗಾಬರಿಯೂ ಆಗುತ್ತಿರಲಿಲ್ಲ.

ನಾಟಕದ ಮೇಷ್ಟ್ರು ಕೆ.ಆರ್. ನಗರದ ಕಡೆಯವರು. ಹಾರ್ಮೋನಿಯಂ ಮುಂದಿಟ್ಟುಕೊಂಡು ತಾಲೀಮು ಮಾಡಿಸುತ್ತಿದ್ದರು. ಒಂದು ದಿನ ನನ್ನವನು ಊಟಕ್ಕೆ ಕೂತಾಗ ಹೇಳಿದ: "ಮೇಷ್ಟ್ರು ಎಂಥ ಮಾತು ಏಳುದ್ರು ಗೊತ್ತಾ? ಖಳನಿಗೆ ತಾನು ಕೆಟ್ಟೋನು ಅಂತ ಅನ್ಸೋದೇ ಇಲ್ವಂತೆ. ಅದು ತಿಳ್ಕಂಡ್ರೆ ಪಾತ್ರ ಬಂದಂಗೇಯ." ಮಾತು ಬಲು ಹಿಡಿಸಿಬಿಟ್ಟಿತ್ತು ಅವನಿಗೆ. ನಾನು ಸಾರು ಬಡಿಸಿದೆ. ನಗಬೇಕಿತ್ತು, ನಗುವೇ ಬರಲಿಲ್ಲ.

ನಮ್ಮ ಕಡೆ ನಾಟಕ ಆಡುವಾಗ ಒಂದು ಪದ್ಧತಿಯಿದೆ. ಪಾತ್ರಧಾರಿಯ ಮನೆಯವರು ನಡುವೆಯೇ ರಂಗದ ಮೇಲೆ ಹೋಗಿ ಹಾರ ಹಾಕುತ್ತಾರೆ. ದೃಶ್ಯ ಎಲ್ಲಿಗೆ ಬಂದಿದ್ದರೂ ನಿಲ್ಲುತ್ತದೆ. ರಾಜನಿರಲಿ ರಾಕ್ಷಸನಿರಲಿ ತಲೆ ಬಗ್ಗಿಸಿ ನಿಲ್ಲುತ್ತಾನೆ, ಹಾರ ಬಿದ್ದ ಮೇಲೆ ಮತ್ತೆ ಅಬ್ಬರಿಸುತ್ತಾನೆ. ಆ ಹಾರ ನಾನು ಹಾಕಬೇಕೆಂದು ಮನೆಯಲ್ಲಿ ಮಾತಾಯಿತು. ಏಟು ತಿಂದು ಸುಮ್ಮನಿರುವುದು ನನಗೆ ರೂಢಿಯಾಗಿತ್ತು. ಊರೆಲ್ಲ ನೋಡುತ್ತಿರುವಾಗ ಆ ಕೊರಳಿಗೆ ಹಾರ ಹಾಕುವುದು ಮಾತ್ರ ನನ್ನಿಂದ ಆಗುವ ಕೆಲಸವಲ್ಲ ಅನ್ನಿಸಿತು. "ನಾ ಬರಾಕಿಲ್ಲ" ಅಂದೆ. ಕಡಗ ಸರಿಯಿತು.

ರಾತ್ರಿ ಮೈಕಿಗೆ ಅನುಮತಿ ಸಿಗುವುದಿಲ್ಲವೆಂದು ಈಗೀಗ ಹಗಲಲ್ಲೇ ಆಡುತ್ತಾರೆ. ನಾಟಕದ ದಿನ ಹುಣಸೂರಿನಿಂದ ತರಿಸಿದ ಸುಗಂಧರಾಜದ ಹಾರವನ್ನು ಅತ್ತೆ ನನ್ನ ಮಡಿಲಿಗೆ ಹಾಕಿದರು. ನಾಯಕಿಯ ಪಾತ್ರಕ್ಕೆ ಮೈಸೂರಿನಿಂದ ಕರೆಸಿದ ಹೆಂಗಸು ಆವತ್ತೇ ಬೆಳಿಗ್ಗೆ ಬಸ್ಸಿಳಿದು ಬಂದಿದ್ದಳು. ಬಣ್ಣ ಹಚ್ಚುವಲ್ಲಿಗೆ ನಾನು ಕಾಫಿ ಕೊಡಲು ಹೋದಾಗ ಅವಳು ನನ್ನ ಗಂಡನಿಗೆ ಹೇಳುತ್ತಿದ್ದಳು: "ಅಣ್ಣ, ಹೊಡೆಯೋ ಸೀನಲ್ಲಿ ಕೈ ಕೆನ್ನೆ ಹತ್ರ ತಂದು ನಿಲ್ಲಿಸ್ಬಿಡಿ. ಸದ್ದು ನಾನೇ ಮಾಡ್ಕೋತೀನಿ."

"ಆಗ್ಲಮ್ಮ" ಅಂದ, ಅದೇ ಮೆತ್ತಗಿನ ದನಿಯಲ್ಲಿ.

ಆ ದೃಶ್ಯ ಬಂತು. ಅವಳು ಅವನ ಮಾತಿಗೆ ಎದುರು ಮಾತಾಡಿದಳು. ರೇಷ್ಮೆ ತೋಳಿನ ಕೆಳಗೆ ಇಣುಕುತ್ತಿದ್ದ ಕಡಗವನ್ನು ಅವನು ಮೇಲೆ ಸರಿಸಿಕೊಂಡ. ಮುಂದೇನೆಂದು ಆ ಜನರಲ್ಲಿ ನನಗೊಬ್ಬಳಿಗೆ ಗೊತ್ತಿತ್ತು. ಏಟಿನ ಸದ್ದು ಮೈಕಿನಲ್ಲಿ ಕೇಳಿತು. ಅವಳು ಬಿದ್ದಳು. ಶಿಳ್ಳೆಯೋ ಶಿಳ್ಳೆ.

"ಅಬ್ಬಬ್ಬಾ, ಎಲ್ಲಿ ಕಲ್ತನೇ ಇದ?" ಎಂದು ಎದುರುಮನೆ ಅಕ್ಕ ನನ್ನ ತೊಡೆ ತಿವಿದಳು.

ಅಷ್ಟರಲ್ಲಿ ಮೈಕಿನವನು ಕೂಗಿದ: "ಖಳನಾಯಕನ ಪಾತ್ರಧಾರಿಗೆ ಧರ್ಮಪತ್ನಿಯವರಿಂದ ಹಾರ." ಅತ್ತೆ ಎಬ್ಬಿಸಿದರು. ರಂಗ ಹತ್ತಿದೆ. ಭಯವಿಲ್ಲ, ಸಿಟ್ಟೂ ಇಲ್ಲ, ಕಾಲುಗಳು ತಾವಾಗಿಯೇ ನಡೆದವು. ಅವನು ಕಿರೀಟದ ಸಮೇತ ತಲೆ ಬಗ್ಗಿಸಿ ನಿಂತ. ಅವಳು ಬಿದ್ದಲ್ಲೇ ಕೂತಿದ್ದಳು. ಈ ಊರಿನಲ್ಲಿ ಅವಳಿಗೆ ಹಾರ ಹಾಕುವವರು ಯಾರೂ ಇಲ್ಲ. ಕೆನ್ನೆಯ ಗುಲಾಬಿ ಬಣ್ಣದ ಮೇಲೆ ಬೆರಳುಗಳು ಮೂಡಿದ್ದವು. ನನ್ನ ಕೆನ್ನೆಯನ್ನು ನಾನು ಅಷ್ಟು ಬೆಳಕಿನಲ್ಲಿ ಎಂದೂ ನೋಡಿಕೊಂಡಿರಲಿಲ್ಲ.

ಬಗ್ಗಿ ಹಾರವನ್ನು ಅವಳ ಕೊರಳಿಗೆ ಹಾಕಿದೆ.

ಮೈಕಿನವನು ನಗುತ್ತಾ ಹತ್ತಿರ ಬಂದ. "ತಾಯಿ, ಪಾತ್ರ ತಪ್ಪೋಯ್ತು. ನಿಮ್ಮ ಯಜಮಾನ್ರು ಈ ಕಡೆ ಅವ್ರೆ."

"ತಪ್ಪಿಲ್ಲ ಕಣಣ್ಣ. ಏಟು ತಿಂದೋರ್ಗೇ ಆಕಿವ್ನಿ. ಮನೇಲಿ ನಂಗೂ ಇಂಗೇ ಒಡೀತಾರೆ." ಸರಗೂರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಹೇಳಿದ ಹಾಗೆ ಹೇಳಿದೆ. ಮೈಕು ಅವನ ಕೈಯಲ್ಲೇ ಇತ್ತು, ಮಾತು ಕೊನೆಯ ಸಾಲಿನವರಿಗೂ ಕೇಳಿತು.

ನನ್ನ ಗಂಡನ ಎಡಗೈ ತಾನಾಗಿಯೇ ಬಲಗೈಗೆ ಹೋಗಿ ಕಡಗವನ್ನು ಮೇಲೆ ಸರಿಸತೊಡಗಿತು. ಎದುರುಮನೆ ಅಕ್ಕ ಅದನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಈ ಸಲ ಯಾರೂ ಶಿಳ್ಳೆ ಹಾಕಲಿಲ್ಲ.