ಹೆಸರಿಲ್ಲದ ಐದನೇ ರಸ್ತೆ

ನಂಜನಗೂಡಿನಿಂದ ತಾಂಡ್ಯದ ಕಡೆ ಹೋಗುವಾಗ ಸಿಗುವ ನಮ್ಮ ಬಡಾವಣೆಯಲ್ಲಿ ಮಾಜಿ ಸೈನಿಕರೇ ಹೆಚ್ಚು. ರಸ್ತೆಗಳಿಗೆ ಅವರು ಯುದ್ಧಗಳ ಹೆಸರಿಟ್ಟಿದ್ದಾರೆ. ಮೊದಲನೆಯದಕ್ಕೆ ಚೀನಾ ಯುದ್ಧದ ಹೆಸರು, ಎರಡು ಮೂರಕ್ಕೆ ಪಾಕಿಸ್ತಾನದ ಜೊತೆ ನಡೆದ ಯುದ್ಧಗಳದು, ನಾಲ್ಕನೆಯದು ಕಾರ್ಗಿಲ್ ರಸ್ತೆ. ಐದನೆಯದು ನಮ್ಮದು. ಅದರ ಫಲಕದ ಮೇಲೆ ಏನೂ ಬರೆದಿರಲಿಲ್ಲ.

ಮನೆ ಕಟ್ಟಿದ ಹೊಸತರಲ್ಲಿ ಬಡಾವಣೆ ಸಂಘದ ಅಧ್ಯಕ್ಷರನ್ನು ಕೇಳಿದ್ದೆ. "ಅದು ಖಾಲಿ ಇರ್ಲಿ ಬುಡಕ್ಕ, ಮುಂದ್ಕೆ ಬೇಕಾಯ್ತದೆ," ಎಂದರು, ಖಾಲಿ ಡಬ್ಬ ತೊಳೆದು ಎತ್ತಿಡುವವರ ಹಾಗೆ. ನಾನೂ ನಕ್ಕಿದ್ದೆ. ಎಂಥ ದಡ್ಡಿ!

ಮಗ ಸೈನ್ಯ ಸೇರಿದ ಮೇಲೆ ಆ ಫಲಕ ನೋಡಲು ಭಯವಾಗತೊಡಗಿತು. ಹಾಲು ತರಲು ಹೋಗುವಾಗ ತಲೆ ತಗ್ಗಿಸಿ ದಾಟುತ್ತಿದ್ದೆ. ಗಡಿಯಲ್ಲಿ ಗುಂಡಿನ ಚಕಮಕಿ ಎಂದು ಟಿವಿಯಲ್ಲಿ ಬಂದ ದಿನದಿಂದ ಅವನ ಫೋನ್ ಸ್ವಿಚ್ ಆಫ್. ಮೂರನೆಯ ದಿನ ಬೆಳಿಗ್ಗೆ ಪೇಂಟರ್ ಒಬ್ಬ ಬಂದು ನಮ್ಮ ಫಲಕಕ್ಕೆ ಏಣಿ ಒರಗಿಸಿದ. ಬರಿಗಾಲಲ್ಲಿ ಓಡಿ ಏಣಿ ಹಿಡಿದುಕೊಂಡೆ.

"ಏನು ಬರೀತೀಯಪ್ಪ?"

"ಹೆಸ್ರೇನೂ ಇಲ್ಲ ಕಣಮ್ಮ, ಬರೀ ಬಣ್ಣ ಬಳಿ ಅಂತ ಅಧ್ಯಕ್ಷರು ಹೇಳವ್ರೆ."

"ಐದನೇ ರಸ್ತೆ ಅಂತ ಬರಿ. ಯಾರಾದ್ರೂ ಕೇಳಿದ್ರೆ ನನ್ನ ಹತ್ರ ಕಳ್ಸು."

ಅವನು ಬರೆದ. ಸಂಜೆ ಮಗ ಫೋನ್ ಮಾಡಿ, "ಊಟ ಆಯ್ತೇನಮ್ಮ?" ಎಂದು ಕೇಳಿದ. ಗೋಡೆಗೆ ಒರಗಿ ಅತ್ತುಬಿಟ್ಟೆ.

ಮರುದಿನ ಅಧ್ಯಕ್ಷರು ಬಂದು ಫಲಕ ನೋಡಿದರು. ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ. ನಮ್ಮ ಮನೆಯ ಹಿಂದೆ ಮಣ್ಣು ಸಮ ಮಾಡುತ್ತಿದ್ದ ಜೆಸಿಬಿ ಕಡೆ ಕೈ ತೋರಿಸಿದರು.

"ಓಗ್ಲಿ ಬುಡಕ್ಕ, ಆರ್ನೇ ರಸ್ತೆ ಬತ್ತಾ ಅದಲ್ಲ."